ಅತ್ತೆ ಹೇಳದ ಜ್ವರ

ಮೊನ್ನೆ ಮಂಗಳವಾರ ಹುಳು ಮನೆ ತೊಳೆದೆ. ರೇಷ್ಮೆ ಬೆಳೆ ಇಳಿದು ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮೇಲೆ, ಹೊಸ ಮರಿಹುಳು ಬರುವುದಕ್ಕೆ ಮುಂಚೆ, ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪೌಡರು ಸುಣ್ಣ ಕಲಸಿದ ನೀರಿನಲ್ಲಿ ತೊಳೆಯಬೇಕು. ಮೂಗಿಗೆ ಸೆರಗು ಕಟ್ಟಿಕೊಂಡರೂ ಆ ವಾಸನೆ ಗಂಟಲಿಗೆ ಇಳಿಯುತ್ತದೆ. ವರ್ಷಕ್ಕೆ ಐದಾರು ಸಲ ಮಾಡುವ ಕೆಲಸ, ಕೈಗೆ ರೂಢಿ. ಆದರೆ ಮಳೆಗಾಲದಲ್ಲಿ ತೊಳೆಯುವಾಗ, ಹೊರಗೆ ಹನಿ ಬೀಳುವ ಸದ್ದೂ ಒಳಗೆ ಈ ವಾಸನೆಯೂ ಸೇರಿಬಿಟ್ಟರೆ, ನನ್ನ ಕಿವಿ ತಾನಾಗಿ ಹಿತ್ತಲ ತೋಟದ ಕಡೆ ತಿರುಗುತ್ತದೆ. ಅಲ್ಲಿ ಕುಡುಗೋಲಿನ ಸದ್ದು ಬರುತ್ತಿದೆಯಾ ಎಂದು ಕೇಳಿಸಿಕೊಳ್ಳುತ್ತೇನೆ. ಹನ್ನೆರಡು ವರ್ಷವಾಯಿತು. ಎಲ್ಲ ಮುಗಿದಿದೆ ಎಂದು ನನಗೆ ಗೊತ್ತು, ಕಿವಿಗೆ ಗೊತ್ತಿಲ್ಲ.

ನಮ್ಮದು ಚನ್ನಪಟ್ಟಣದ ಹತ್ತಿರ ಹೊಂಗನೂರು. ನಮ್ಮ ಯಜಮಾನರು ಸಿದ್ದರಾಜು ಸೈನ್ಯದಲ್ಲಿದ್ದವರು. ಊರಿನಲ್ಲಿ ಈಗಲೂ ಮಿಲ್ಟ್ರಿ ಸಿದ್ದರಾಜಣ್ಣ ಅಂದರೇ ಗುರುತು. ಎಂಟನೇ ವರ್ಷದ ಸೇವೆಯಲ್ಲಿ, ಹಿಮ ಬೀಳುವ ಕಡೆ ಡ್ಯೂಟಿ ಇದ್ದಾಗ, ಇವರು ಕೂತಿದ್ದ ಲಾರಿ ಜಾರಿ ಬದಿಯ ಬಂಡೆಗೆ ಹೊಡೆಯಿತು. ಬಲಗಿವಿಯ ಹಿಂದೆ ಹೊಲಿಗೆ ಬಿತ್ತು. ಮೂರು ದಿನ ಆಸ್ಪತ್ರೆ, ಆಮೇಲೆ ಮತ್ತೆ ಡ್ಯೂಟಿ. ನಮಗೆ ಫೋನಿನಲ್ಲಿ "ಒಸಿ ತರಚ್ಕತು" ಎಂದಿದ್ದರು. ಅದಾಗಿ ಒಂಬತ್ತು ತಿಂಗಳಿಗೆ ಒಂದು ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದವರು ಹಾಗೇ ಬಿದ್ದು ಕೈಕಾಲು ಸೆಳೆದುಕೊಂಡರಂತೆ. ಫಿಟ್ಸು. ಮತ್ತೆ ಬಂತು, ಮತ್ತೆ ಬಂತು. ಫಿಟ್ಸ್ ಇರುವವರ ಕೈಗೆ ಬಂದೂಕು ಕೊಡುವುದಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿಸಿ, ಕೊನೆಗೆ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು, ಸೇವೆಗೆ ಯೋಗ್ಯರಲ್ಲ ಎಂದು ಬರೆದು ಮನೆಗೆ ಕಳಿಸಿದರು.

ಇವರ ಸೇವೆ ಹತ್ತು ವರ್ಷ ತುಂಬಿರಲಿಲ್ಲ. ಹಾಗಾಗಿ ಬೇರೆ ಪಿಂಚಣಿಗೆ ದಾರಿ ಇಲ್ಲ. ಉಳಿದದ್ದು ಅಂಗವೈಕಲ್ಯದ ಪಿಂಚಣಿ ಒಂದೇ. ಅದು ಸಿಕ್ಕರೆ ಅದರ ಹಿಂದೆಯೇ ಜೀವನಪೂರ್ತಿ ಡಾಕ್ಟರು, ಮಾತ್ರೆ ಎಲ್ಲ ಸೈನ್ಯದ ಕಡೆಯಿಂದಲೇ. ಅರ್ಜಿ ಹಾಕಿ ಯುಗಾದಿಯವರೆಗೆ ಕಾದೆವು. ಬಂದ ಕಾಗದದಲ್ಲಿ, ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದಿತ್ತು.

ಆ ಮಳೆಗಾಲ ನಾನು ಹೇಗೆ ಬದುಕಿದೆ ಎಂದು ಈಗ ನೆನೆದರೆ, ಕಿವಿಯಲ್ಲಿ ಬದುಕಿದೆ ಅನ್ನಬೇಕು. ಇವರಿಗೆ ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ ಒಂದು ಸಲ ಫಿಟ್ಸ್ ಬರುತ್ತಿತ್ತು. ಬರುವ ಮುಂಚೆ ಸೂಚನೆ ಏನೂ ಇಲ್ಲ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಚಿಲಕ ಹಾಕಬೇಡಿ ಎನ್ನುತ್ತಿದ್ದೆ; ಚೊಂಬಿನ ಸದ್ದು ಎಣಿಸುತ್ತಿದ್ದೆ. ಒಲೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ. ಕೆರೆಯ ಏರಿ ಮೇಲೆ ಒಬ್ಬರೇ ಹೋಗುವಂತಿಲ್ಲ. ಆದರೆ ಸೊಪ್ಪು ಕೊಯ್ಯುವುದನ್ನು ಮಾತ್ರ ಬಿಡಿಸಲು ಆಗಲಿಲ್ಲ. "ಅದ್ನೂ ಬುಟ್ಟು ಕೂತ್ರೆ ನಾನೂ ತಟ್ಟೆ ಮೇಲಿನ್ ಹುಳನೇಯ. ನೀನ್ ಸೊಪ್ಪಾಕು, ನಾನ್ ತಿಂತೀನಿ" ಎಂದರು. ಕುಡುಗೋಲು ಹಿಡಿದು ಹಿಪ್ಪುನೇರಳೆ ಸಾಲಿಗೆ ಇಳಿದರೆ, ಚರಕ್ ಚರಕ್ ಎಂದು ಕಡ್ಡಿ ಕೊಯ್ಯುವ ಸದ್ದು ಹುಳು ಮನೆಯ ಕಿಟಕಿಗೆ ಕೇಳುತ್ತಿತ್ತು. ಆ ಸದ್ದು ಇರುವವರೆಗೂ ನಾನು ಉಸಿರಾಡುತ್ತಿದ್ದೆ. ಹೊರೆ ಕಟ್ಟಲು ಸದ್ದು ನಿಂತರೂ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅವರೇ ನನ್ನ ಪಾಡು ನೋಡಲಾರದೆ ಹೊರೆ ಕಟ್ಟುವಾಗ ಒಮ್ಮೆ ಜೋರಾಗಿ ಕೆಮ್ಮುವುದನ್ನು ಅಭ್ಯಾಸ ಮಾಡಿಕೊಂಡರು.

ಆಷಾಢದ ಮೊದಲ ವಾರ ಯಾರೋ ಹೇಳಿದರು, ಚನ್ನಪಟ್ಟಣದಲ್ಲಿ ಖಲೀಲ್ ಸಾಹೇಬರು ಅಂತ ರಿಟೈರಾದ ಸುಬೇದಾರರಿದ್ದಾರೆ, ಸೈನ್ಯದ ಕಾಗದ ಓದಿ ಅರ್ಜಿ ಬರೆದುಕೊಡುತ್ತಾರೆ ಎಂದು. ಅವರ ಮನೆಯವರದ್ದು ಗೊಂಬೆ ಕೆಲಸ. ಮುಂದಿನ ಕೋಣೆಯಲ್ಲಿ ಅವರ ತಮ್ಮ ಯಂತ್ರದಲ್ಲಿ ಮರ ಕಡೆಯುತ್ತಿದ್ದರೆ, ಪಕ್ಕದ ಬೆಂಚಿನ ಮೇಲೆ ಸಾಹೇಬರು ಕನ್ನಡಕ ಹಾಕಿಕೊಂಡು ಕಾಗದ ಓದುತ್ತಿದ್ದರು. ಅರಗಿನ ವಾಸನೆ, ಮರದ ಹುಡಿ. ನಮ್ಮ ಯಜಮಾನರು ಬಾಗಿಲಲ್ಲೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

"ಅರೆ, ಇಲ್ಲಿ ಯಾರಿಗೆ ಸಲಾಂ? ಬುಗುರಿಗಾ?" ಎಂದು ನಕ್ಕರು ಸಾಹೇಬರು. "ಬಾ ಜವಾನ್, ಕೂತ್ಕೊ. ತಂಗಿ, ನೀನೂ ಕೂತ್ಕೊ. ಕಾಗದ ಎಲ್ಲಾ ಕೊಡು. ಚೆನ್ನಾಗಿರೋದು ಬ್ಯಾಡ, ಕೆಟ್ಟದ್ದು ಮೊದಲು."

ಇಂಗ್ಲಿಷಿನ ಕಾಗದಗಳು. ನಮಗೆ ಅರ್ಥವಾಗುತ್ತಿದ್ದದ್ದು ಇವರ ಹೆಸರು, ನಂಬರು, ಅಷ್ಟೇ. ಸಾಹೇಬರು ಬೆರಳು ಇಟ್ಟುಕೊಂಡು ಸಾಲು ಸಾಲಾಗಿ ಓದಿದರು. ಲಾರಿ ಜಾರಿದ ವರದಿ ಇತ್ತು. ತಲೆಗೆ ಪೆಟ್ಟು ಎಂದೂ ಇತ್ತು. "ಇದು ಇದ್ದೂ ಯಾಕೆ ತಳ್ಳಿದ್ರು?" ಎಂದು ಗೊಣಗಿಕೊಂಡು ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಜವಾನ್, ನಿನಗೆ ಚಿಕ್ಕ ಮಗು ಆಗಿದ್ದಾಗ ಫಿಟ್ಸ್ ಬಂದಿತ್ತಾ?"

"ನಂಗಾ? ಇಲ್ಲ ಸಾಬ್."

"ಇಲ್ಲಿ ಬರೆದವ್ರೆ. ಒಂದು ವರ್ಷದ ಮಗು ಆಗಿದ್ದಾಗ ಫಿಟ್ಸ್ ಬಂದಿತ್ತು, ಆಗ ಜ್ವರ ಇರಲಿಲ್ಲ. ಹೇಳಿದವರು ತಾಯಿ."

ತಮ್ಮನ ಯಂತ್ರ ನಿಂತಿತ್ತೋ ನನ್ನ ಕಿವಿಯೇ ನಿಂತಿತ್ತೋ ಗೊತ್ತಿಲ್ಲ. ಸಾಹೇಬರು ನಿಧಾನವಾಗಿ ಬಿಡಿಸಿ ಹೇಳಿದರು. ಮಗುವಿಗೆ ಜೋರು ಜ್ವರದಲ್ಲಿ ಒಂದು ಸಲ ಫಿಟ್ಸ್ ಬಂದು ಹೋದರೆ ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜ್ವರವೇ ಇಲ್ಲದೆ ಬಂದಿದ್ದರೆ ಅದು ಹುಟ್ಟಿನಿಂದ ಇದ್ದ ಕಾಯಿಲೆ. ಹಾಗಾದರೆ ಲಾರಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ.

"ಅಂದ್ರೆ" ಎಂದರು ನಮ್ಮವರು. "ಅಂದ್ರೆ ನಾನು ಕಾಯಿಲೆ ಮುಚ್ಚಿಟ್ಟು ಸೇರ್ಕಂಡೆ ಅಂತ. ಸುಳ್ಳೇಳಿ ಸೇರ್ಕಂಡೆ ಅಂತ."

ಸಾಹೇಬರು ಕಾಗದಗಳನ್ನು ಜೋಡಿಸಿ ಕೈಗೆ ಕೊಟ್ಟರು. ಅಪೀಲಿಗೆ ದಿನ ಹೆಚ್ಚಿಲ್ಲ, ಮನೆಯಲ್ಲಿ ಕೇಳಿಕೊಂಡು ಬೇಗ ಬನ್ನಿ ಎಂದರು. ಬಸ್ಸಿನಲ್ಲಿ ಹೊಂಗನೂರಿನವರೆಗೂ ಇವರು ಕಿಟಕಿಯ ಆಚೆಗೆ ನೋಡುತ್ತಿದ್ದರು. ನಾನು ಇವರ ಕೈ ನೋಡುತ್ತಿದ್ದೆ. ಬೆರಳು ಅದುರಿದರೆ ಸಾಕು, ಹಿಡಿದುಕೊಳ್ಳಲು ಸಿದ್ಧಳಾಗಿ.

ಮನೆಗೆ ಬಂದು ಅತ್ತೆಯನ್ನು ಒಂದೇ ಮಾತು ಕೇಳಿದರು: "ಅವ್ವಾ, ಡಾಕ್ಟ್ರಿಗೆ ಏನೇಳ್ದೆ?" ಅತ್ತೆ ಬಾಯಿ ತೆರೆಯುವ ಮುಂಚೆಯೇ ಹೊರಗೆ ಹೋದರು. ಅವತ್ತಿನಿಂದ ತಾಯಿಯ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಜಗಳ ಆಡಲಿಲ್ಲ. ಊಟ ಬಡಿಸಿದರೆ ಉಣ್ಣುತ್ತಿದ್ದರು. ಅದಕ್ಕೇ ಹೆಚ್ಚು ಹೆದರಿಕೆಯಾಗುತ್ತಿತ್ತು. ನಿದ್ದೆ ಕೆಟ್ಟಿತು, ನಿದ್ದೆ ಕೆಟ್ಟರೆ ಫಿಟ್ಸ್ ಹೆಚ್ಚು. ಇಪ್ಪತ್ತು ದಿನಕ್ಕೆ ಬರುತ್ತಿದ್ದದ್ದು ಹತ್ತು ದಿನಕ್ಕೆ ಬರಲು ಶುರುವಾಯಿತು.

ನಮ್ಮತ್ತೆ ನಿಂಗಮ್ಮನದು ಮಾತು ಕಡಿಮೆ, ಕೆಲಸ ಜಾಸ್ತಿ. ಹುಳು ಮನೆಯಲ್ಲಿ ಅವರಿದ್ದರೆ ನನಗೆ ಧೈರ್ಯ. ಎರಡು ದಿನ ಬಿಟ್ಟು, ಸೊಪ್ಪು ಹಾಕುವಾಗ, ಮುಖ ನೋಡಿದರೆ ಹೇಳಲಾರರು ಎಂದು ತಟ್ಟೆಯ ಆಚೆ ಬದಿಯಲ್ಲಿ ನಿಂತು ಕೇಳಿದೆ.

"ಅತ್ತೆ, ಅವ್ರಿಗೆ ಚಿಕ್ಕೋರಿದ್ದಾಗ ಹಂಗಾಗಿದ್ದು ನಿಜವಾ?"

ಅವರು ಸೊಪ್ಪಿನ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸಿದರು. "ನಿಜ ಕಣೆ. ಒಂದೇ ಸರ್ತಿ. ಅಮ್ಮ ಬಂದಿದ್ಲಲ್ಲ, ಆಗ. ಮೈಯೆಲ್ಲಾ ಕೆಂಪ್ಗೆ ಎದ್ದಿತ್ತು. ಕಣ್ ಮೇಲಕ್ ಹೋಗಿ ಸೆಟ್ಕಬುಡ್ತು ಮಗ. ಬೆಳ್ಳಿ ಕಣ್ ಮಾಡುಸ್ತೀನಿ ಕಣವ್ವ, ಬುಟ್ಬುಡು ಅಂತ ಹರಕೆ ಹೊತ್ತೆ. ಬುಟ್ಲು. ನಾನು ಮಾಡುಸ್ಲಿಲ್ಲ. ಇವತ್ತು ನಾಳೆ ಅಂತ ಮೂವತ್ತೊರ್ಸ ಆಗೋಯ್ತು. ಅದ್ಕೇ ಈಗ ತಿರ್ಗ ಬಂದದೆ. ಬೆಂಗ್ಳೂರಾಸ್ಪತ್ರೇಗೆ ನೋಡಕ್ ಹೋಗಿದ್ನಲ್ಲ, ಅಲ್ಲಿ ಡಾಕ್ಟ್ರು ಮುಂಚೆ ಆಗಿತ್ತಾ ಅಂದ್ರು. ತಪ್ಪು ನಂದೇ ಅಂತ ಒಪ್ಕಂಡ್ರೆ ಮಗ ಉಸಾರಾಯ್ತನೆ ಅಂತ ಹೇಳ್ದೆ."

"ಜ್ವರ ಇತ್ತಾ ಅಂತ ಕೇಳಿದ್ರಾ?"

"ಕೇಳುದ್ರು. ಇಲ್ಲ ಅಂದೆ."

"ಅಮ್ಮ ಬಂದಿತ್ತು ಅಂದ್ರೆ ಮೈ ಸುಡ್ತಿರ್ಲಿಲ್ವಾ ಅತ್ತೆ?"

ಅವರ ಕೈ ನಿಂತಿತು. ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರಾ ಎನ್ನುವ ಹಾಗೆ. "ಹಂಗೆಲ್ಲ ಅನ್ಬಾರ್ದು ಕಣೆ" ಎಂದರು ಪಿಸುದನಿಯಲ್ಲಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡಾರವೋ ಸೀತಾಳೆಯೋ ಎದ್ದರೆ ಅಮ್ಮ ಮನೆಗೆ ಬಂದಿದ್ದಾಳೆ ಎಂದೇ ಲೆಕ್ಕ. ಬಂದವಳನ್ನು ಕಾಯಿಲೆ ಅನ್ನುವಂತಿಲ್ಲ. ಮಗುವಿನ ಮೈ ಕೆಂಡವಾಗಿದ್ದರೂ ಜ್ವರ ಅನ್ನುವಂತಿಲ್ಲ. ಅಂದರೆ ಅವಳನ್ನು ದೂರಿದ ಹಾಗೆ. ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಆಡಿಕೊಂಡು ಹೋಗು ತಾಯಿ ಎಂದು ಕಾಯುವುದು. ರೇಷ್ಮೆ ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಕೂತರೆ ಅದನ್ನೂ ನಾವು ಜ್ವರ ಅಂತಲೇ ಕರೆಯುವುದು. ಹುಳುವಿಗೆ ದಿನಕ್ಕೆ ಹತ್ತು ಸಲ ಆ ಮಾತು ಆಡುತ್ತಿದ್ದ ಅತ್ತೆ, ಹೊಟ್ಟೆಯ ಮಗನಿಗೆ ಒಂದು ಸಲ ಆಡಲಿಲ್ಲ. ಡಾಕ್ಟರು ಕೇಳಿದಾಗ ಇಲ್ಲ ಎಂದರು. ಅವರ ಪಾಲಿಗೆ ಅದು ಸುಳ್ಳಾಗಿರಲಿಲ್ಲ.

"ಈಗ ಹೋಗಿ ಇತ್ತು ಅಂತ ಹೇಳಿ ಅತ್ತೆ. ಅಷ್ಟೇ ಸಾಕು."

ಅವರು ತಲೆ ಅಲ್ಲಾಡಿಸಿದರು. ಆಮೇಲೆ ನನಗೆ ಅದುವರೆಗೆ ಯಾರೂ ಹೇಳದಿದ್ದ ಮಾತೊಂದನ್ನು ಹೇಳಿದರು. ನಮ್ಮವರು ಹುಟ್ಟುವ ಮುಂಚೆ ಅತ್ತೆಗೆ ಒಂದು ಹೆಣ್ಣು ಮಗುವಿತ್ತು, ಪುಟ್ಟಿ. ಅದಕ್ಕೂ ಅಮ್ಮ ಬಂದಿತ್ತು. ನಮ್ಮ ಮಾವನವರು ಇದು ಜ್ವರ, ಕಾಯಿಲೆ ಎಂದು ಬೈದು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಮೂರನೇ ದಿನ ಬರಿಗೈಯಲ್ಲಿ ಬಂದರು. "ಬಾಯ್ ತಪ್ಪಿ ಅಂದಿದ್ಕೇ ಹೆಣ್ ಮಗಾನ ಕರ್ಕಂಡ್ಳು. ನಾನೂ ಅಂದ್ರೆ ಇವ್ನ ಉಳುಸ್ತಾಳಾ?" ಎಂದರು. ನಾನು ತಟ್ಟೆ ಬಳಸಿ ಆಚೆ ಹೋಗಿ ಅವರ ಕೈ ಹಿಡಿದುಕೊಂಡೆ. ಅಮ್ಮನನ್ನು ನಾನು ನಂಬುವುದಿಲ್ಲ ಎಂದು ಹೇಳುವಷ್ಟು ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಖಲೀಲ್ ಸಾಹೇಬರಿಗೆ ನಾನೊಬ್ಬಳೇ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಗುತ್ತಾರೇನೋ ಎಂದುಕೊಂಡಿದ್ದೆ. ನಗಲಿಲ್ಲ. "ನಮ್ಮ ಅಮ್ಮೀನೂ ಹಂಗೇ. ಮಗೂಗೆ ಏನಾದ್ರೂ ಆದ್ರೆ ಹೆಸರು ಹೇಳ್ತಿರಲಿಲ್ಲ" ಎಂದರು. ಆಮೇಲೆ, "ನೋಡು ತಂಗಿ, ಸರ್ಕಾರಿ ಕಾಗದದಲ್ಲಿ ಒಂದು ಸಲ ಬರೆದದ್ದು ಅಳಿಸೋಕೆ ಬರಲ್ಲ. ಅದರ ಕೆಳಗೆ ಇನ್ನೊಂದು ಬರೆಸಬೇಕು. ಅದಕ್ಕೆ ಅವರ ಬಾಯಿಂದಾನೇ ಬರಬೇಕು. ನೀನು ಹೇಳಿದ್ರೆ ಆಗಲ್ಲ, ನಾನು ಹೇಳಿದ್ರೆ ಆಗಲ್ಲ. ಸುಳ್ಳು ಬ್ಯಾಡ. ಇದ್ದದ್ದು ಪೂರಾ ಹೇಳಲಿ" ಎಂದರು. ಅಪೀಲು ಬರೆದರು. ತಾಯಿಯನ್ನು ಇನ್ನೊಮ್ಮೆ ಕೇಳಬೇಕು ಎಂದು ಅದರಲ್ಲಿ ಸೇರಿಸಿದರು. ನಾನು ಅದನ್ನು ರಿಜಿಸ್ಟರ್ ಮಾಡಿ, ರಸೀದಿಯನ್ನು ಹುಳು ಮನೆಯ ಪುಸ್ತಕದಲ್ಲಿ ಇಟ್ಟೆ. ಎಷ್ಟು ಹೊತ್ತಿಗೆ ಸೊಪ್ಪು ಹಾಕಿದೆ, ಎಷ್ಟು ಬಿಸಿ, ಎಷ್ಟು ಥಂಡಿ ಎಂದು ನಾನು ದಿನವೂ ಬರೆಯುವ ಪುಸ್ತಕ. ಫಿಟ್ಸ್ ಬಂದ ದಿನಕ್ಕೆ ಅಂಚಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಶ್ರಾವಣದ ಪುಟಗಳಲ್ಲಿ ಚುಕ್ಕಿ ಹೆಚ್ಚು.

ಮಳೆ ಹಿಡಿದುಕೊಂಡಿತು. ಒದ್ದೆ ಸೊಪ್ಪು ಹಾಕಿದರೆ ಹುಳು ಕೆಡುತ್ತವೆ, ಥಂಡಿ ಹೆಚ್ಚಾದರೆ ಸುಣ್ಣಕಟ್ಟು ರೋಗ. ಕೊಯ್ದ ಕಡ್ಡಿಗಳನ್ನು ಜಗುಲಿಯಲ್ಲಿ ಹರವಿ, ಫ್ಯಾನ್ ಹಾಕಿ, ನೀರು ಆರಿಸಿ ಒಳಗೆ ತರಬೇಕು. ಭಾದ್ರಪದದಲ್ಲಿ ಹುಳು ನಾಲ್ಕನೇ ಜ್ವರ ಎದ್ದ ದಿನ ಪೋಸ್ಟಿನವರು ಬಂದರು. ಬೆಂಗಳೂರಿಗೆ ಬರಬೇಕು, ಬೋರ್ಡಿನ ಮುಂದೆ ಹಾಜರಾಗಬೇಕು, ತಾಯಿಯನ್ನೂ ಕರೆತರಬೇಕು. ಬೆರಳಿನಲ್ಲಿ ಎಣಿಸಿದೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನಕ್ಕೆ ಹುಳು ಹಣ್ಣಾಗುತ್ತವೆ. ಹಣ್ಣಾದ ಹುಳುವನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು, ಅಲ್ಲೇ ಅವು ಗೂಡು ಕಟ್ಟುವುದು. ಅವತ್ತು ಮನೆಯಲ್ಲಿ ಯಾರೂ ಉಣ್ಣಲು ಕೂರುವುದಿಲ್ಲ. ಬೋರ್ಡಿನ ದಿನ ಸರಿಯಾಗಿ ಎಂಟನೆಯ ದಿನ.

ಪಕ್ಕದ ಮನೆಯ ಚಿಕ್ಕತಾಯಮ್ಮನಿಗೆ ಹೇಳಿದೆ. "ಹೋಗೇ, ನಿನ್ ಹುಳ ಏನ್ ನನ್ ಕಂಡ್ರೆ ಓಡೋಯ್ತವಾ? ನಾನು ನಮ್ ಸೊಸೆ ಬಿಡ್ತೀವಿ ಚಂದ್ರಿಕೆಗೆ. ಗಂಡನ್ ಕಾಗ್ದ ನೋಡ್ಕ ಮೊದ್ಲು" ಎಂದಳು. ಹುಳುವಿನ ಚಿಂತೆ ಅಲ್ಲಿಗೆ ಹೋಯಿತು. ಅತ್ತೆ ಮಾತ್ರ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮೂರು ದಿನ ಉಳಿದಿರುವಾಗ, ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲೇ ಇವರು ಸೊಪ್ಪು ಕೊಯ್ಯಲು ಇಳಿದರು. ನಾನು ಒಳಗೆ ಹಿಕ್ಕೆ ತೆಗೆಯುತ್ತಿದ್ದೆ. ಚರಕ್ ಚರಕ್. ಚರಕ್. ನಿಂತಿತು. ಕೆಮ್ಮಿಗೆ ಕಾದೆ. ಬರಲಿಲ್ಲ. ಮಳೆಗೆ ಕೇಳಲಿಲ್ಲವೇನೋ ಎಂದುಕೊಂಡೆ. ಕೈಯಲ್ಲಿದ್ದ ತಟ್ಟೆ ಎಲ್ಲಿ ಇಟ್ಟೆನೋ ಗೊತ್ತಿಲ್ಲ, ಓಡಿದೆ. ಸಾಲುಗಳು ಎದೆಯೆತ್ತರ ಬೆಳೆದಿದ್ದವು. ಎಲ್ಲ ಸಾಲೂ ಒಂದೇ ಥರ. ಹೆಸರು ಹಿಡಿದು ಗಂಡನನ್ನು ಯಾವತ್ತೂ ಕರೆದವಳಲ್ಲ. ಅವತ್ತು ಊರಿಗೆಲ್ಲ ಕೇಳುವ ಹಾಗೆ ಸಿದ್ದರಾಜೂ ಎಂದು ಕೂಗಿಕೊಂಡೆ. ಐದನೇ ಸಾಲಿನಲ್ಲಿ ಬೋರಲಾಗಿ ಬಿದ್ದಿದ್ದರು. ಎರಡು ಸಾಲಿನ ನಡುವಿನ ಕಾಲುವೆಯಲ್ಲಿ ಮಳೆಯ ನೀರು ಹರಿಯುತ್ತಿತ್ತು. ಗೇಣಾಳವೂ ಇಲ್ಲ. ಅಷ್ಟರಲ್ಲೇ ಮುಖ ಮುಳುಗಿತ್ತು. ಕುಡುಗೋಲು ಕುತ್ತಿಗೆಯ ಕೆಳಗೆ.

ಕುಡುಗೋಲನ್ನು ಹೇಗೆ ಎಳೆದೆನೋ. ನನ್ನ ಅಂಗೈಯಲ್ಲಿ ಆ ಗುರುತು ಇನ್ನೂ ಇದೆ. ಮಗ್ಗುಲಿಗೆ ಹೊರಳಿಸಿದೆ. ಮೂಗು ಬಾಯಲ್ಲಿ ಕೆಸರು. ಬೆರಳು ಹಾಕಬೇಡಿ, ಹಲ್ಲು ಕಚ್ಚಿಕೊಂಡಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ತುಟಿ ಮಾತ್ರ ಸೆರಗಿನಿಂದ ಒರೆಸಿದೆ. ಅತ್ತೆ ಮುಗ್ಗರಿಸಿಕೊಂಡು ಬಂದರು, ಕೈಯಲ್ಲಿ ಕಬ್ಬಿಣದ ಬೀಗದ ಕೈ. ಅದನ್ನು ಮಗನ ಮುಷ್ಟಿಯೊಳಗೆ ತುರುಕಿ ಒತ್ತಿ ಹಿಡಿದರು. ಇಬ್ಬರೂ ಕೆಸರಿನಲ್ಲಿ ಕೂತೆವು. ಉಸಿರು ಗೊರ ಗೊರ ಎಂದು, ಆಮೇಲೆ ಒಂದು ದೊಡ್ಡ ಕೆಮ್ಮು ಬಂತು. ಹೊರೆ ಕಟ್ಟುವಾಗಿನ ಕೆಮ್ಮಲ್ಲ ಅದು, ಆದರೂ ಅದನ್ನು ಕೇಳಿ ನಾನು ಅತ್ತುಬಿಟ್ಟೆ.

ಸಂಜೆ ಇವರನ್ನು ಮಲಗಿಸಿ ಹೊರಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಒದ್ದೆ ಸೀರೆಯಲ್ಲೇ ಕೂತಿದ್ದರು. "ಬತ್ತೀನಿ ಬೆಂಗ್ಳೂರ್ಗೆ" ಎಂದರು. ಸೆರಗು ಹಿಂಡಿಕೊಂಡು, "ಹೇಳ್ತೀನಿ ಅಂತ ಹೇಳ್ತಿಲ್ಲ. ಬತ್ತೀನಿ" ಎಂದರು.

ಚನ್ನಪಟ್ಟಣದಿಂದ ಬೆಳಗಿನ ರೈಲು. ಇವರು ಶೂಗೆ ಪಾಲಿಶ್ ಹಾಕಿ, ಶರಟಿಗೆ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿಸಿಕೊಂಡಿದ್ದರು. ಇಷ್ಟು ನೆಟ್ಟಗೆ ಕಂಡರೆ ಕಾಯಿಲೆಯೇ ಇಲ್ಲ ಅಂದುಬಿಟ್ಟರೆ ಎಂದು ಒಂದು ಹೆದರಿಕೆ. ಡಾಕ್ಟರ ಮುಂದೆಯೇ ಬಿದ್ದುಬಿಟ್ಟರೆ ಎಂದು ಇನ್ನೊಂದು. ಬೀಳಲಿ, ಕಣ್ಣಾರೆ ನೋಡಲಿ ಎಂದೂ ಒಂದು ಗಳಿಗೆ ಮನಸ್ಸಿಗೆ ಬಂತು. ಅದನ್ನು ಬೇರೆ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯನ್ನು ಆಗ ತಾನೇ ತೊಳೆದಿದ್ದರು. ನಮ್ಮ ಹುಳು ಮನೆಯದೇ ವಾಸನೆ. ಹೊರಗೆ ಮಳೆ. ಬೆಂಚಿನ ಮೇಲೆ ಇವರು ಒಂದು ತುದಿ, ಅತ್ತೆ ಒಂದು ತುದಿ, ನಡುವೆ ನಾನು.

ಒಳಗೆ ಕರೆದರು. ಮೂವರು ಅಧಿಕಾರಿಗಳು. ಕೇಳುತ್ತಿದ್ದವರು ನನ್ನ ವಯಸ್ಸಿನ ಒಬ್ಬ ಹೆಣ್ಣು ಮಗಳು, ನರದ ಡಾಕ್ಟರು. ಕನ್ನಡ ಬಾರದು. ಪಕ್ಕದಲ್ಲಿ ನಿಂತಿದ್ದ ನರ್ಸಮ್ಮ ನಮಗೆ ತಿಳಿಸಿ ಹೇಳುತ್ತಿದ್ದರು. ಇವರನ್ನು ಕೇಳಿದ್ದಾಯಿತು, ನನ್ನನ್ನು ಕೇಳಿದ್ದಾಯಿತು. ನಾನು ಹುಳುವಿನ ಪುಸ್ತಕದ ಚುಕ್ಕಿಗಳನ್ನು ತೋರಿಸಿದೆ. ಆಮೇಲೆ ಡಾಕ್ಟರು ಅತ್ತೆಯ ಕಡೆ ತಿರುಗಿದರು.

"ಅಜ್ಜಿ, ಮಗ ಚಿಕ್ಕವರಿದ್ದಾಗ ಫಿಟ್ಸ್ ಬಂತಲ್ಲ, ಆಗ ಜ್ವರ ಇತ್ತಾ ಅಂತ ಕೇಳ್ತಿದ್ದಾರೆ" ಎಂದರು ನರ್ಸಮ್ಮ.

ಅತ್ತೆ ನೆಲ ನೋಡಿದರು. ಇನ್ನೊಬ್ಬ ಅಧಿಕಾರಿ ಗಡಿಯಾರ ನೋಡಿದರು. ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು, ಹಲ್ಲು ಕಚ್ಚಿ ತಡೆದೆ. ನರ್ಸಮ್ಮ ಮತ್ತೆ ಕೇಳಿದರು. ಅತ್ತೆ ತಲೆ ಎತ್ತಿ, "ಅವ್ವಾ, ಇಲ್ಲೆಲ್ಲಾದ್ರೂ ಬೇವಿನ್ ಮರ ಐತಾ?" ಎಂದರು.

ನರ್ಸಮ್ಮನಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಡಾಕ್ಟರಿಗೆ ಏನೋ ಹೇಳಿ, ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಕಾಂಪೌಂಡಿನ ಆಚೆ ಮಳೆಯಲ್ಲಿ ನೆನೆಯುತ್ತ ಒಂದು ಬೇವಿನ ಮರ. ಅತ್ತೆ ಚಪ್ಪಲಿ ಬಿಟ್ಟರು. ಕೈ ಮುಗಿದರು. ನಾವೆಲ್ಲ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಮರದ ಜೊತೆ ಮಾತಾಡಿದರು.

"ತಾಯಿ, ದೂರ್ತಿಲ್ಲ ಕಣವ್ವ. ನಿನ್ ಮೇಲ್ ತಪ್ಪಾಕ್ತಿಲ್ಲ. ಏನಿದ್ರೂ ನಂಗ್ ಮಾಡು, ಅವುನ್ಗೆ ಬ್ಯಾಡ." ಆಮೇಲೆ ತಿರುಗಿದರು. ಡಾಕ್ಟರ ಮುಖ ನೋಡಿಕೊಂಡೇ ಹೇಳಿದರು. "ಇತ್ತು. ಜ್ವರ ಇತ್ತು. ನಾಕ್ ದಿನ ಮೈ ಕೆಂಡ ಸುಟ್ಟಂಗ್ ಸುಡ್ತಿತ್ತು, ಎತ್ಕಂಡ್ರೆ ನನ್ ಎದೆ ಸುಡ್ತಿತ್ತು. ಅದ್ರಾಗೇ ಬಂದಿದ್ದು, ಒಂದೇ ಸರ್ತಿ. ಆಮ್ಯಾಕೆ ಸೈನ್ಯುಕ್ ಹೋಗಗಂಟ ಒಂದ್ ದಿನ ಬಿದ್ದೋನಲ್ಲ ನನ್ ಮಗ. ಸುಳ್ಳೇಳಿ ಸೇರ್ಕಂಡೋನಲ್ಲ."

ಡಾಕ್ಟರು ಬರೆದುಕೊಂಡರು. ಒಂದೆರಡು ಪ್ರಶ್ನೆ ಕೇಳಿದರು, ಅತ್ತೆ ಉತ್ತರ ಹೇಳಿದರು. ಅಷ್ಟರಲ್ಲಿ ಇಷ್ಟು ಹೊತ್ತೂ ಅಟೆನ್ಶನ್ನಿನಲ್ಲಿ ನಿಂತಿದ್ದ ನಮ್ಮವರು ಸರಸರ ಕಿಟಕಿಯ ಹತ್ತಿರ ಹೋದರು. ಬಗ್ಗಿ, ತಾಯಿಯ ಎರಡೂ ಚಪ್ಪಲಿಯನ್ನು ಎತ್ತಿಕೊಂಡು ಬಂದು ಅವರ ಪಾದದ ಮುಂದೆ ಜೋಡಿಸಿಟ್ಟರು. "ಹಾಕ್ಕಳವ್ವ, ನೆಲ ಥಂಡಿ ಐತೆ" ಎಂದರು. ಎರಡು ತಿಂಗಳಾದ ಮೇಲೆ ಆಡಿದ ಮೊದಲ ಮಾತು.

ಮನೆಗೆ ಬಂದಾಗ ಚಿಕ್ಕತಾಯಮ್ಮ, ಅವಳ ಸೊಸೆ ಮುಕ್ಕಾಲು ಪಾಲು ಹುಳು ಚಂದ್ರಿಕೆಗೆ ಬಿಟ್ಟಿದ್ದರು. ಉಳಿದವು ತಟ್ಟೆಯಲ್ಲೇ ಸೊಪ್ಪಿನ ನಡುವೆ ಗೂಡು ಸುತ್ತಿಕೊಳ್ಳುತ್ತಿದ್ದವು. ನಾನು ಸೀರೆ ಬದಲಿಸದೆ ಆರಿಸಲು ಕೂತೆ. ಅತ್ತೆ ಮಾತ್ರ ಹುಳು ಮನೆಗೆ ಬರಲಿಲ್ಲ. ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದರು. ಒಂಬತ್ತು ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಗಳಿಗೆಗೊಮ್ಮೆ ಮಗನ ಹಣೆ ಮುಟ್ಟಿ ನೋಡುತ್ತಿದ್ದರು. ನಾನು ಅತ್ತೆಯ ಹಣೆ ಮುಟ್ಟಿ ನೋಡುತ್ತಿದ್ದೆ, ತಮಗೆ ಮಾಡು ಎಂದು ಬೇಡಿಕೊಂಡವರು ಅವರು. ಒಬ್ಬರಿಗೆ ಕಾಣದ ಹಾಗೆ ಒಬ್ಬರನ್ನು ಕಾಯುತ್ತಾ ಒಂಬತ್ತು ದಿನ ಕಳೆದೆವು. ಹತ್ತನೆಯ ದಿನ ಬೆಳ್ಳಿ ಕಣ್ಣು ಮಾಡಿಸಿ ಊರ ಮಾರಮ್ಮನಿಗೆ ಒಪ್ಪಿಸಿದರು. ಅವತ್ತು ಸಾರಿಗೆ ಸಾಸಿವೆ ಸಿಡಿಸಿದ ಸದ್ದು ಕೇಳಿ ಇವರು "ಅಬ್ಬಾ, ಜೀವ ಬಂತು" ಎಂದರು.

ಸಂಕ್ರಾಂತಿ ಕಳೆದು ಕಾಗದ ಬಂತು. ಒಡೆಯಲು ಇವರಿಗೂ ಕೈ ಬರಲಿಲ್ಲ, ನನಗೂ ಬರಲಿಲ್ಲ. ಲಕೋಟೆಯನ್ನು ಹಾಗೇ ಹಿಡಿದುಕೊಂಡು ಮೂವರೂ ಚನ್ನಪಟ್ಟಣಕ್ಕೆ ಹೋದೆವು. ಖಲೀಲ್ ಸಾಹೇಬರು ತಮ್ಮನಿಗೆ ಯಂತ್ರ ನಿಲ್ಲಿಸಲು ಹೇಳಿ ಓದಿದರು. ಮೊದಲ ಹಾಳೆ ಓದಿ ಮುಗಿಸಿ ಎದ್ದು ನಿಂತರು. ನಮ್ಮ ಯಜಮಾನರಿಗೆ, ಆ ವಯಸ್ಸಿನಲ್ಲಿ, ತಾವೇ ಸೆಲ್ಯೂಟ್ ಹೊಡೆದರು.

"ಒಪ್ಪಿದಾರೆ ಜವಾನ್. ಸೇವೆಯಿಂದ ಬಂದದ್ದು ಅಂತ."

ಇವರು ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅತ್ತೆಗೆ ಅದು ಯಾವುದೂ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಸಾಹೇಬರ ಕೈಯಲ್ಲಿದ್ದ ಎರಡನೆಯ ಹಾಳೆಯನ್ನೇ ನೋಡುತ್ತಿದ್ದರು.

"ಅಪ್ಪಾ, ಅದ್ರಾಗೆ ಅಮ್ಮನ್ ಹೆಸ್ರು ಬರ್ದವ್ರಾ?"

ಆ ಹಾಳೆಯಲ್ಲಿ ದಡಾರ, ಜೋರು ಜ್ವರ ಎಂದು ಬರೆದದ್ದನ್ನು ಸಾಹೇಬರು ಆಮೇಲೆ ನನಗೊಬ್ಬಳಿಗೆ ತೋರಿಸಿದರು. ಅತ್ತೆ ಕೇಳಿದ ಆ ಗಳಿಗೆಯಲ್ಲಿ ಮಾತ್ರ ಅದನ್ನು ನಾಲ್ಕಾಗಿ ಮಡಿಸಿ ಲಕೋಟೆಯೊಳಗೆ ಸೇರಿಸಿ, "ಇಲ್ಲ ಅಮ್ಮಾ" ಎಂದರು. "ಲಾರಿ ಹೆಸರು ಬರೆದವ್ರೆ. ತಪ್ಪೆಲ್ಲಾ ಆ ಲಾರೀದು. ನಿಮ್ಮ ಅಮ್ಮಂದು ಏನೂ ಇಲ್ಲ, ನಿಮ್ಮದೂ ಏನೂ ಇಲ್ಲ."

ಅತ್ತೆ ಅವತ್ತು ಬಸ್ಸಿನಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು.

ಈಗ ಇವರಿಗೆ ಮಾತ್ರೆ ತಪ್ಪುವುದಿಲ್ಲ. ಫಿಟ್ಸ್ ಬಂದು ನಾಲ್ಕು ವರ್ಷದ ಮೇಲಾಯಿತು. ಪುಸ್ತಕದ ಅಂಚು ಖಾಲಿಯಾಗಿದೆ. ಮೊನ್ನೆ ಮಂಗಳವಾರ ಹುಳು ಮನೆ ತೊಳೆಯುವಾಗ, ಕೂದಲೆಲ್ಲ ಬ್ಲೀಚಿಂಗ್ ವಾಸನೆ, ಹೊರಗೆ ಹನಿ, ತೋಟದಲ್ಲಿ ಗಿಡ ಸವರುತ್ತಿದ್ದ ಇವರ ಕುಡುಗೋಲಿನ ಸದ್ದು ನಿಂತಿತು. ಪೊರಕೆ ಬಿಸಾಕಿ ಓಡಿದೆ. ಹಿತ್ತಲ ಬಾಗಿಲಲ್ಲಿ ಅತ್ತೆ ನನಗಿಂತ ಮುಂಚೆ ಬಂದು ನಿಂತಿದ್ದರು. ಈಗ ಅವರಿಗೆ ಕಣ್ಣು ಮಂಜು, ಗೋಡೆ ಹಿಡಿದು ನಡೆಯುತ್ತಾರೆ. ಕೈಯಲ್ಲಿ ಅದೇ ಬೀಗದ ಕೈ ಇತ್ತು.

ಇವರು ಬದುವಿನ ಮೇಲೆ ಕೂತು ಕಾಲಿಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದರು. ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿ, "ಏನ್ ಅತ್ತೆ ಸೊಸೆ ಒಟ್ಗೇ ಬಂದ್ಬುಟ್ರಿ? ಮಳೇಲಿ ನೆನಿತೀರಾ, ಹೋಗಿ ಒಳೀಕೆ" ಎಂದರು.

ನಾವು ಹೋಗಲಿಲ್ಲ. ಇವರು ಎದ್ದು ಸಾಲಿಗೆ ಇಳಿದು, ಚರಕ್ ಚರಕ್ ಎಂದು ಮತ್ತೆ ಶುರು ಮಾಡುವವರೆಗೆ ಅಲ್ಲೇ ನಿಂತಿದ್ದೆವು.